ಗಾಲ್ಫ್ ಗಾಡಿಗೆ ಹೊದಿಸಿದ ಕಂಬಳಿ

ಹರಪನಹಳ್ಳಿಯಲ್ಲಿ ಗಾಲ್ಫ್ ಆಡುವವರು ಯಾರಿದ್ದಾರೆ, ನೀವೇ ಹೇಳಿ. ಒಬ್ಬನೂ ಇಲ್ಲ. ಆದರೂ ನಮ್ಮ ಹೆರಿಗೆ ಆಸ್ಪತ್ರೆಗೆ ಒಂದು ಗಾಲ್ಫ್ ಗಾಡಿ ಬಂತು. ಬ್ಯಾಟರಿಯ ಮೇಲೆ ಓಡುತ್ತದೆ, ಮೇಲೊಂದು ಛಾವಣಿ, ಹಿಂದೆ ಮುಂದೆ ಸೀಟು. ಬಾಗಿಲಿಲ್ಲ, ಕಿಟಕಿಯಿಲ್ಲ. ಹೆರಿಗೆ ಕೋಣೆ ಹಳೆಯ ಕಟ್ಟಡದಲ್ಲಿ, ಬಾಣಂತಿಯರ ವಾರ್ಡು ಹೊಸ ಕಟ್ಟಡದಲ್ಲಿ, ನಡುವೆ ಅರ್ಧ ಕಿಲೋಮೀಟರು ಬಟಾಬಯಲು. ಆಗ ತಾನೇ ಹೆತ್ತವಳ ಮಡಿಲಿಗೆ ಕೂಸು ಕೊಟ್ಟು, ಡಿಸೆಂಬರಿನ ಬೆಳಗಿನ ಗಾಳಿಯಲ್ಲಿ ಇದರ ಮೇಲೆ ಕೂರಿಸಿ ಕಳಿಸಬೇಕು. ನಮ್ಮ ಸೀಮೆಯಲ್ಲಿ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕಿಟಕಿಯ ಸಂದಿಗೂ ಚಿಂದಿ ತುರುಕುತ್ತಾರೆ. ಈ ಗಾಡಿ ದಾನ ಕೊಟ್ಟ ಪುಣ್ಯಾತ್ಮನ ಮನೆಯಲ್ಲಿ ಯಾರೂ ಬಾಣಂತನ ಮಾಡಿಸಿಕೊಂಡೇ ಇಲ್ಲವೇನೋ.

ನಾನು ಕಲ್ಯಾಣಮ್ಮ, ಅಲ್ಲಿ ಮೂವತ್ತೊಂದು ವರ್ಷದಿಂದ ನರ್ಸು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ. ಇರಲಿ. ಬೇಕಾದ ಹೊತ್ತಿಗೆ ಅದು ನನಗೆ ಒದಗಲಿಲ್ಲ. ಒದಗಿದ್ದು ಗಾಡಿ ಓಡಿಸುವ ಭರಮಮ್ಮನಿಗೆ. ಇದು ಅವಳ ಕಥೆ.

ಭರಮಮ್ಮ ಚಿಗಟೇರಿ ಕಡೆಯ ಕುರಿ ಸಾಕುವ ಮನೆಯ ಹೆಣ್ಣು. ವಯಸ್ಸು ನಲವತ್ತೇಳೋ ನಲವತ್ತೆಂಟೋ, ಅವಳಿಗೇ ಗೊತ್ತಿಲ್ಲ. ತಾಯಿ ಹಿಂಡಿನ ಹಿಂದೆ ಹೋದಾಗ ಯಾರದೋ ಹೊಲದಲ್ಲಿ ಹುಟ್ಟಿದವಳು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ನೆಲ ಒರೆಸಲು ಬಂದಳು. ಗಾಡಿ ಬಂದಾಗ ಗಂಡಸರೆಲ್ಲ ಆಟದ ಸಾಮಾನೆಂದು ನಕ್ಕು ಮುಟ್ಟಲಿಲ್ಲ. ಇವಳು ಕಸಬರಿಗೆ ಗೋಡೆಗೊರಗಿಸಿ, "ಮುನ್ನೂರು ಕುರಿ ತಿರುವಿದಾಕಿ ನಾನು, ಇದೊಂದು ತಿರುವಾಕ ಬರಂಗಿಲ್ಲೇನ್ರಿ?" ಎಂದು ಹತ್ತಿ ಕೂತಳು. ಎರಡೇ ದಿನದಲ್ಲಿ ಕಲಿತಳು.

ಮೊದಲ ಚಳಿ ಬಿದ್ದ ಬೆಳಗ್ಗೆಯೇ ಮನೆಯಿಂದ ಮೂರು ಕರಿ ಕಂಬಳಿ ಹೊತ್ತು ತಂದಳು. ಅವಳ ಅವ್ವ ಕೈಯಾರೆ ನೂತ ಉಣ್ಣೆಯವು. ದಬ್ಬಣದಲ್ಲಿ ಒಂದಕ್ಕೊಂದು ಹೊಲಿದು, ಛಾವಣಿಯ ಕಂಬಿಗೆ ಬಿಗಿದು, ಹಿಂದಿನ ಸೀಟಿನ ಸುತ್ತ ಇಳಿಬಿಟ್ಟಳು. ಖಾಲಿ ಸಲೈನ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಬಾಣಂತಿಯ ಕಾಲ ಬುಡಕ್ಕೆ ಇಟ್ಟಳು. ಒಳಗೆ ಕೂತು ನೋಡಿದೆ. ಅಬ್ಬಾ, ಅವ್ವನ ಮಗ್ಗುಲಲ್ಲಿ ಮಲಗಿದ ಹಾಗಿತ್ತು.

"ಹುಟ್ಟಿದ ಮರೀಗಿ ಮೊದಲು ಗಾಳಿ ತಾಗಬಾರದ್ರಿ ಅಕ್ಕಾರ," ಅಂದಳು. "ಮೈ ಹಸಿ ಇರತೈತಿ. ಒಂದು ಸಲ ಥಂಡಿ ಹೊಕ್ಕರ ಮೊಲಿ ಹಿಡಿಯಂಗಿಲ್ಲ."

ನಾನು ನರ್ಸಿಂಗ್ ಶಾಲೆಯಲ್ಲಿ ಮೂರು ವರ್ಷ ಕೂತು ಕಲಿತದ್ದೂ ಇದನ್ನೇ.

ಹದಿನೈದು ದಿನ ಆಗಿರಲಿಲ್ಲ, ಮ್ಯಾನೇಜರ್ ಗವಿಸಿದ್ದೇಶ್ ಮೂಗು ಮುಚ್ಚಿಕೊಂಡು ಬಂದ. "ಏನಮ್ಮಾ ಇದು, ಆಸ್ಪತ್ರಿನೋ ಕುರಿಹಟ್ಟಿನೋ?" ವಾಸನೆ ಬರೀ ನೆಪ. ಗಾಡಿಯ ಎರಡೂ ಪಕ್ಕ ಮೊಳದುದ್ದದ ಕೆಂಪು ಅಕ್ಷರಗಳಿದ್ದವು: "ದಾನಿಗಳು: ಶ್ರೀ ಪಂಚಾಕ್ಷರಪ್ಪ ಮತ್ತು ಕುಟುಂಬ." ಪೇಟೆಯಲ್ಲಿ ದೊಡ್ಡ ಜವಳಿ ಅಂಗಡಿ ಅವರದು. ಕಂಬಳಿ ಆ ಹೆಸರನ್ನು ಮುಚ್ಚುತ್ತಿತ್ತು.

"ಹೆಸರು ಛಾವಣಿ ಮ್ಯಾಲ ಬರೀರಿ ಸಾರ್," ಅಂದಳು ಭರಮಮ್ಮ.

"ಅಲ್ಲಿ ಯಾರು ಓದ್ತಾರ, ಕಾಗಿಗಳಾ? ಬಿಚ್ಚು. ಇನ್ನೊಂದು ಸಲ ಕಟ್ಟಿದ್ರ ಕೆಲಸಕ್ಕ ಬರಬ್ಯಾಡ."

ಕಂಬಳಿ ಉಗ್ರಾಣ ಸೇರಿ ಬೀಗ ಬಿತ್ತು. ನಾನು ಪಕ್ಕದಲ್ಲೇ ಇದ್ದೆ. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಬಾಯಿ ಮುಚ್ಚಿಕೊಂಡು ನಿಂತೆ. ಥೂ ನನ್ನ ಜನ್ಮಕ್ಕೆ.

ಮೂರನೆಯ ದಿನ ಬೆಳಗಿನ ಆರಕ್ಕೆ ತೆಲಿಗಿ ಊರಿನ ಸೌಭಾಗ್ಯ ಎಂಬ ಹುಡುಗಿಯನ್ನು ಹೊಸ ಕಟ್ಟಡಕ್ಕೆ ತಂದರು. ಚೊಚ್ಚಲು, ಕೂಸು ಎರಡು ಕಿಲೋ ಚಿಲ್ಲರೆ. ಭರಮಮ್ಮ ತನ್ನ ಸ್ವೆಟರು ಬಿಚ್ಚಿ ಕೂಸಿಗೆ ಸುತ್ತಿ, ತಾನು ನಡುಗುತ್ತ ಓಡಿಸಿಕೊಂಡು ಬಂದಿದ್ದಳು. ಬಟ್ಟೆ ಬಿಚ್ಚಿ ನೋಡುತ್ತೇನೆ, ಕೂಸಿನ ಪಾದ ನೀಲಿ. ಮೈ ತಣ್ಣಗೆ. ಮೊಲೆಗೆ ಹಚ್ಚಿದರೆ ಬಾಯಿ ತೆರೆಯಲೊಲ್ಲದು. ಡಾಕ್ಟರಿಗೆ ಹೇಳಿಕಳಿಸಿ, ಸೌಭಾಗ್ಯಳ ಬರಿ ಎದೆಗೆ ಕೂಸನ್ನು ಒತ್ತಿ, ಕೈಗೆ ಸಿಕ್ಕ ರಗ್ಗುಗಳನ್ನೆಲ್ಲ ಮೇಲೆ ಹೇರಿದೆ. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ಒಂದು ಸಣ್ಣ ಅಳು ಬಂತು.

ಭರಮಮ್ಮ ಬಾಗಿಲಲ್ಲೇ ನಿಂತಿದ್ದಳು. "ಮೊಲಿ ಹಿಡಿತೇನ್ರಿ?"

"ಹಿಡಿತು."

ತಿರುಗಿ ಹೋದಳು. ಚಹಾ ಕುಡಿಯಲು ಹೋದಳೆಂದುಕೊಂಡೆ. ಕಿಟಕಿಯಿಂದ ನೋಡಿದರೆ ಗಾಡಿ ಗೇಟು ದಾಟುತ್ತಿದೆ, ಕಾವಲಿನವನು ಕೂಗುತ್ತಿದ್ದಾನೆ! ನಾನೂ ಓಡಿದೆ. ಆ ಗಾಡಿ ಎಷ್ಟು ಜೋರು ಹೋದೀತು, ಸಿಕ್ಕಿತು. ಹಿಂದಿನ ಸೀಟಿಗೆ ಹತ್ತಿ, "ಲೇ ಭರಮೀ, ಕೆಲಸ ಹೋಗತೈತಲೇ!" ಎಂದೆ.

"ಹೋಗಲಿ ಬಿಡ್ರಿ," ಅಂದಳು.

ಪಂಚಾಕ್ಷರಪ್ಪನವರ ಮನೆ ಮುಂದೆ ನಿಲ್ಲಿಸಿದಳು. ಅವರು ಆಗಷ್ಟೇ ತಲೆಸ್ನಾನ ಮಾಡಿದ್ದರು. ಒದ್ದೆ ಕೂದಲು, ಹಣೆಗೆ ವಿಭೂತಿ, ಪಂಚೆಯ ಮೇಲೊಂದು ತೆಳುವಾದ ಶಲ್ಯ.

"ಆಸ್ಪತ್ರ್ಯಾಗ ನಿಮ್ಮ ಹೆಸರಿಗೆ ಏನಾಗೈತಿ ನೋಡ ಬರ್ರಿ, ಸಾವ್ಕಾರ್ರ."

"ನನ್ನ ಹೆಸರಿಗಾ?" ಅಷ್ಟೇ ಸಾಕಾಯಿತು, ಹಾಗೆಯೇ ಬಂದು ನನ್ನ ಪಕ್ಕ ಕೂತರು.

ಭರಮಮ್ಮ ಇದ್ದಷ್ಟು ಜೋರಾಗಿ ಓಡಿಸಿದಳು. ಕೆರೆ ಏರಿಗೆ ಬರುವಷ್ಟರಲ್ಲಿ ಸಾಹುಕಾರರ ಹಲ್ಲು ಕಟಕಟ ಎನ್ನುತ್ತಿದ್ದವು. "ಏ ತಾಯಿ, ಹೊದ್ಕೊಳ್ಳಾಕ ಏನಾರ ಐತೇನು?"

"ಕಂಬಳಿ ಇತ್ರಿ. ನಿಮ್ಮ ಹೆಸರು ಮುಚ್ಚತೈತಂತ ತಗಿಸ್ಯಾರ."

ಅವರು ನನ್ನ ಮುಖ ನೋಡಿದರು. ಆಗ ನನಗೂ ಬಾಯಿ ಬಂತು. "ಇದೇ ಸೀಟಿನಾಗ ಇವತ್ತು ಮುಂಜಾನಿ ಹುಟ್ಟಿದ ಕೂಸು ಬಂತ್ರಿ. ಅದರ ಕಾಲು ನೀಲಿ ಆಗಿದ್ವು. ನಿಮಗ ಕೇಳಾಕ ಬಾಯಿ ಐತಿ, ಅದಕ್ಕ ಎಲ್ಲೈತ್ರಿ?"

ಅವರು ಶಲ್ಯವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಆಸ್ಪತ್ರೆ ಮುಟ್ಟಿದ ಕೂಡಲೇ ಗವಿಸಿದ್ದೇಶನನ್ನು ಕರೆದು, "ಆ ಕಂಬಳಿ ಹಾಕಿಸ್ರಿ. ಈಕೀನ ಯಾರೂ ಏನೂ ಅನಬ್ಯಾಡ್ರಿ," ಎಂದರು. ಗೆದ್ದೆವು ಎಂದುಕೊಂಡೆ. ಹುಚ್ಚು ನನಗೆ.

ಎರಡು ದಿನ ಬಿಟ್ಟು ಕಂಬಳಿ ಉಗ್ರಾಣದಿಂದ ಹೊರಗೆ ಬಂತು. ಅದರ ಮೇಲೆ ಬಿಳಿ ಎಣ್ಣೆ ಬಣ್ಣದಲ್ಲಿ, ಆ ಕಡೆಯಿಂದ ಈ ಕಡೆಯವರೆಗೆ ಬರೆಸಿದ್ದರು: "ದಾನಿಗಳು: ಶ್ರೀ ಪಂಚಾಕ್ಷರಪ್ಪ ಮತ್ತು ಕುಟುಂಬ." ಭರಮಮ್ಮನ ಅವ್ವ ನೂತ ಕಂಬಳಿಯ ಮೇಲೆ! ನನಗೆ ಮೈಯೆಲ್ಲ ಉರಿದು ಹೋಯಿತು. ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಲು ಹೊರಟೆ.

ಭರಮಮ್ಮ ನನ್ನ ಕೈ ಹಿಡಿದಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬಣ್ಣ ಒಣಗಿ ಉಣ್ಣೆ ಗಡುಸಾಗಿತ್ತು. "ಹತ್ತಿ ಇಳಿಯೂವಾಗ ಕೂಸಿಗೆ ಚುಚ್ಚತೈತ್ರಿ ಇದು," ಎಂದಷ್ಟೇ ಹೇಳಿ ದಬ್ಬಣ ತೆಗೆದಳು. ಹೊಲಿಗೆ ಬಿಚ್ಚಿ, ಕಂಬಳಿಯನ್ನು ಒಳಮೈ ಹೊರಮೈ ತಿರುಗಿಸಿ, ಒಳಗೆ ಬಂದ ಅಕ್ಷರಗಳ ಮೇಲೆ ತನ್ನ ಹಳೆಯ ಸೀರೆಯ ಮೆತ್ತನೆ ತುಂಡು ಹಚ್ಚಿ ಹೊಲಿದು, ಮತ್ತೆ ಗಾಡಿಗೆ ಕಟ್ಟಿದಳು.

ಮರುದಿನ ಬೆಳಗ್ಗೆ ಗವಿಸಿದ್ದೇಶ್ ಗಾಡಿಯನ್ನು ಎರಡು ಸುತ್ತು ಹಾಕಿದ. "ಹೆಸರು ಎಲ್ಲೈತಿ?"

"ಒಳಗೈತ್ರಿ ಸಾರ್," ಅಂದಳು ಭರಮಮ್ಮ. "ಹೊರಗಿದ್ರ ಅದಕ್ಕ ಥಂಡಿ ಆಗತೈತಿ."