ನಂಬರ್ ಪ್ಲೇಟಿಗೆ ಮೆತ್ತಿದ ಮಣ್ಣು

ಹಂಪಮ್ಮನ ಕಾಲು ಮುರಿದದ್ದು ನನ್ನ ಲಾರಿ. ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದ್ದೇನೆ — ಅದೂ ಅವಳ ಪಕ್ಕದ ಮನೆಯಲ್ಲೇ.

ಆಗ ಮೈನಿಂಗಿನ ಭರಾಟೆ. ಸಂಡೂರಿನಿಂದ ಹೊಸಪೇಟೆಯ ತನಕ ಅದಿರಿನ ಲಾರಿಗಳ ಸಾಲು. ಹಗಲಲ್ಲೇ ಲೈಟು ಹಾಕಬೇಕು, ಅಷ್ಟು ಕೆಂಪು ಧೂಳು. ಓವರ್‌ಲೋಡಿಗೆ ಸಿಕ್ಕಿಬೀಳಬಾರದೆಂದು ನಾವು ಡ್ರೈವರುಗಳು ಅದಿರಿನ ಮಣ್ಣನ್ನೇ ನೀರಲ್ಲಿ ಕಲಸಿ ನಂಬರ್ ಪ್ಲೇಟಿಗೆ ಮೆತ್ತುತ್ತಿದ್ದೆವು. ನಾನೂ ದಿನಾ ಮೆತ್ತುತ್ತಿದ್ದೆ, ಹಲ್ಲುಜ್ಜಿದಷ್ಟು ಸಲೀಸಾಗಿ.

ಅವತ್ತು ಊರ ಹೊರಗಿನ ತಿರುವಿನಲ್ಲಿ ಎಡಕ್ಕೆ ಏನೋ ತಾಗಿತು. ಕನ್ನಡಿಯಲ್ಲಿ ನೋಡಿದೆ — ಧೂಳಿನಲ್ಲಿ ಬಿದ್ದಿದ್ದ ಒಂದು ಹಸಿರು ಸೀರೆ. ಮನುಷ್ಯರೆಂದು ಗೊತ್ತಾಯಿತು. ಗೊತ್ತಾಗಿಯೂ... ಬ್ರೇಕಿನ ಮೇಲಿಟ್ಟ ಕಾಲನ್ನು ಎತ್ತಿಬಿಟ್ಟೆ. ನಿಂತರೆ ಜನ ಬಡಿದು ಕೊಲ್ಲುತ್ತಾರೆಂಬ ಭಯ. ಸಂಜೆ ಹೆಂಡತಿ ಹೇಳಿದಳು, ಹೂ ಮಾರುವ ಹಂಪಮ್ಮನಿಗೆ ಲಾರಿ ಬಡಿದು ದವಾಖಾನೆಗೆ ಹಾಕಿದ್ದಾರೆಂದು.

ಮರುದಿನ ಗಂಜಿ ಒಯ್ದೆ. ಕರುಣೆಯಿಂದಲ್ಲ — ಅವಳು ಏನು ಕಂಡಿದ್ದಾಳೆಂದು ತಿಳಿಯಲು. ಅದುವರೆಗೆ ಆ ಮುದುಕಿಯನ್ನು ನೆಟ್ಟಗೆ ಮಾತಾಡಿಸಿದವನೂ ಅಲ್ಲ ನಾನು.

“ಯಮ್ಮಾ, ನಂಬರ್ ಏನರ ಕಂಡಿತ್ತೇನಬೇ?”

“ಎಲ್ಲೀ ನಂಬರಪ್ಪಾ, ಬರೇ ಮಣ್ಣು ಮೆತ್ತಿತ್ತು. ಮೆತ್ತಿದವನ ಕೈ ಸೇದಿ ಹೋಗ್ಲಿ!”

ಆ ಕೈಯಲ್ಲೇ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಅವಳ ಗಲ್ಲಕ್ಕೆ ಇಳಿದ ಗಂಜಿಯನ್ನು ಅದೇ ಕೈಯಿಂದ ಒರೆಸಿದೆ.

ಆಮೇಲೆ ನೀರು ತಂದುಕೊಟ್ಟೆ, ಸ್ಕೂಟರಿನಲ್ಲಿ ಕೂರಿಸಿಕೊಂಡು ಕಟ್ಟು ಬದಲಿಸಲು ಕರೆದೊಯ್ದೆ. ಓಣಿಗೆ ಪೊಲೀಸ್ ಜೀಪು ಬಂದರೆ ಸಾಕು, ನಾನು ಹಿತ್ತಲಿಗೆ ಸರಿದುಬಿಡುತ್ತಿದ್ದೆ. ಅವಳೋ — ನನ್ನ ಮಗಳ ಜಡೆಗೆ ದಿನಾ ಒಂದು ಮೊಳ ಮಲ್ಲಿಗೆ ಎತ್ತಿಡುತ್ತಿದ್ದಳು, ನಾನು ಮಾಡಿದ ಸಾರಿಗೆ ಹೆಸರಿಟ್ಟು ನಗುತ್ತಿದ್ದಳು. ಅವಳ ಮಾತು ಕೇಳದಿದ್ದರೆ ನನಗೆ ದಿನ ಕಳೆಯದಾಯಿತು. ಬೇಹು ನೋಡಲು ಹೋದವನು ಯಾವಾಗ ಅವಳ ಮನೆಯವನಾದೆನೋ — ಗೊತ್ತಿಲ್ಲ. ಭಯ ಮಾತ್ರ ಬಿಡಲಿಲ್ಲ. ಮೊದಲು ಜೈಲಿನದು, ಆಮೇಲೆ, ನಿಜ ಕೇಳಿದಾಗ ಅವಳ ಮುಖ ಹೇಗಾದೀತೋ ಎಂಬುದು.

ಮೊನ್ನೆ ಮಾರ್ಕೆಟ್ಟಿನ ಹತ್ತಿರ ಅವಳನ್ನು ರಸ್ತೆ ದಾಟಿಸುತ್ತಿದ್ದೆ. ಲಾರಿಯ ಹಾರ್ನು ಕೇಳಿ ಅವಳು ಅಲ್ಲೇ ನಿಂತುಬಿಟ್ಟಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೀ ಬಾಜೂಕ ಇದ್ರ ನನಗ ಲಾರಿ ಅಂಜಿಕಿ ಇಲ್ಲಪ್ಪಾ.”

ಥೂ ನನ್ನ ಜನ್ಮಕ್ಕೆ! ಅದಕ್ಕೂ ‘ಹೂಂ’ ಅಂದೆ.

ಅವಳಿಗೀಗ ಎಂಬತ್ತರ ಹತ್ತಿರ. ನಾನು ಹೇಳುವ ಮೊದಲೇ ಹೋಗಿಬಿಟ್ಟರೆ... ಹೇಳಿದ ಮೇಲೆ ನನ್ನನ್ನು ಹೊಸ್ತಿಲು ತುಳಿಯಲು ಬಿಡದಿದ್ದರೆ...

ಇದನ್ನು ಬರೆದದ್ದೂ ಹೇಡಿತನವೇ. ಹಂಪಮ್ಮನಿಗೆ ಓದಲು ಬರುವುದಿಲ್ಲ. ಬಾಯಿಯಿಂದಲೇ ಹೇಳಬೇಕು, ಅವಳ ಎದುರು ಕೂತು. ಬಾಗಿಲು ತೆರೆದಿದೆ, ಕೆಮ್ಮು ಕೇಳಿಸುತ್ತಿದೆ. ಹೋಗುತ್ತೇನೆ.