ಸದಾಶಿವಗಡದ ತಿರುವಿನಲ್ಲಿ ಕೇಳಿದ ಹಾರ್ನ್

ನಾನು ಇಪ್ಪತ್ತೆರಡು ವರ್ಷದಿಂದ ಕರೆಂಟಿನ ಕೆಲಸ ಮಾಡಿಕೊಂಡು ಬಂದವನು. ಕಂಬ ಹತ್ತುವವನಿಗೆ ತಂತಿಯ ಹೆದರಿಕೆ ಇರುತ್ತದೆಯೇ ಹೊರತು ದೆವ್ವದ್ದಲ್ಲ. ಹಾರವಾಡದ ನಮ್ಮ ಮನೆಯಲ್ಲಿ ಯಾರಾದರೂ ಕಂಡದ್ದು, ಕೇಳಿದ್ದು ಎಂದು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ. ಆದರೆ ಇದು ನಡೆದದ್ದು ಹಗಲು ಹನ್ನೆರಡೂವರೆಗೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಮೂರು ಜನರ ಎದುರು.

ನನ್ನ ತಂಗಿ ನಾಗವೇಣಿ ಹಾರವಾಡದ ದಂಡೆಯಲ್ಲಿ ಮೀನು ಕೊಂಡು ಅಂಕೋಲೆ ಪೇಟೆಗೆ ಒಯ್ದು ಮಾರುತ್ತಾಳೆ. ಬಾಡಿಗೆ ಗಾಡಿಯವನು ಒಂದು ದಿನ ಬರುತ್ತೇನೆಂದವನು ಬರಲೇ ಇಲ್ಲ. ಐಸು ಕರಗಿ ಆರು ಪೆಟ್ಟಿಗೆ ಬಂಗಡೆ ಅವಳ ಕಣ್ಣೆದುರೇ ಹಾಳಾಯಿತು. ಅವಳು ಅಳಲಿಲ್ಲ. ನಲವತ್ತರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದಳು. ಆಮೇಲೆ ನನ್ನನ್ನು ಎಳೆದುಕೊಂಡು ಹಳೆಯ ಡೀಸೆಲ್ ಪಿಕಪ್ ಹುಡುಕಲು ಹೊರಟಳು. ಭಾವಿಕೇರಿಯಲ್ಲಿ ನೋಡಿದ ಗಾಡಿಯ ಚಾಸಿಸ್ ತುಕ್ಕು ತಿಂದಿತ್ತು. ಕಾರವಾರದ್ದು ಕಪ್ಪು ಹೊಗೆ ಕಾರುತ್ತಿತ್ತು. ಮೂರನೆಯದು ಮಾಜಾಳಿಯಲ್ಲಿತ್ತು.

ಅದರ ಮಾಲೀಕ ಸುರೇಶನಿಗೆ ಗೋವಾದಲ್ಲಿ ಕೆಲಸ ಸಿಕ್ಕಿತ್ತು, ಗಾಡಿ ಬೇಕಿರಲಿಲ್ಲ. ಮುಚ್ಚುಮರೆಯಿಲ್ಲದ ಮನುಷ್ಯ. “ಇಂಜಿನ್ ಗಟ್ಟಿ ಅದೆ. ಹಾರ್ನ್ ಮಾತ್ರ ಇಲ್ಲ, ಮೊದ್ಲೇ ಹೇಳ್ತೆ. ಸುಟ್ಟು ಹೋಗಿತ್ತು, ಕಳಚಿ ಬಿಸಾಕಿದೆ” ಎಂದ. ನಾನೇ ಬಾನೆಟ್ ಎತ್ತಿ ನೋಡಿದೆ. ಹಾರ್ನ್ ಇದ್ದ ಜಾಗದಲ್ಲಿ ತುಕ್ಕು ಹಿಡಿದ ಪಟ್ಟಿಯೊಂದಿತ್ತು. ಕತ್ತರಿಸಿದ ಎರಡು ವೈರುಗಳ ತುದಿಗೆ ಟೇಪು ಸುತ್ತಿತ್ತು. ನಾಗವೇಣಿ ಸ್ಟೇರಿಂಗಿನ ನಡುವೆ ನಾಲ್ಕು ಸಲ ಒತ್ತಿದಳು. ಸದ್ದಿಲ್ಲ.

ಓಡಿಸಿ ನೋಡಲು ಮೂವರೂ ಹತ್ತಿದೆವು. ಅವಳು ಸ್ಟೇರಿಂಗಿಗೆ, ನಾನು ನಡುವೆ, ಸುರೇಶ ಆಚೆ ಬದಿಗೆ. ಸದಾಶಿವಗಡದ ಹತ್ತಿರ ಬಂದಾಗ ಅವಳು, “ಹೈವೇಲಿ ಯಾವ ಗಾಡಿನೂ ಓಡ್ತದೆ. ಹೊಂಡ ಇದ್ದಲ್ಲಿ ನೋಡ್ವ” ಎಂದು ಒಳರಸ್ತೆಗೆ ತಿರುಗಿಸಿದಳು.

“ಈ ಬದಿಗೆ ನಾನೂ ಬಂದದ್ದಿಲ್ಲ” ಎಂದ ಸುರೇಶ.

ಗುಡ್ಡದ ಬುಡದ ತಿರುವಿನಲ್ಲಿ ಹಾರ್ನ್ ಆಯಿತು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಹಿಂದೆ ಮುಂದೆ ಬೇರೆ ಗಾಡಿಯಿರಲಿಲ್ಲ. ಸದ್ದು ಬಂದದ್ದು ನಮ್ಮ ಕಾಲ ಮುಂದಿನಿಂದಲೇ. ಡ್ಯಾಶಿಗೆ ಆನಿಸಿದ ನನ್ನ ಮೊಣಕಾಲಿಗೆ ಅದರ ನಡುಕ ತಟ್ಟಿತು. ನಾಗವೇಣಿ ಬ್ರೇಕ್ ಒತ್ತಿದಳು, ಇಂಜಿನ್ ನಿಂತಿತು. ಅವಳ ಎರಡೂ ಕೈ ಸ್ಟೇರಿಂಗಿನ ಅಂಚಿನಲ್ಲಿದ್ದವು.

“ಅಣ್ಣಾ, ನಾ ಒತ್ತಲಿಲ್ಲ” ಎಂದಳು.

ಅಷ್ಟರಲ್ಲಿ ರಸ್ತೆಯ ಕೆಳಗಿನ ಮನೆಯಿಂದ ಒಬ್ಬ ಮುದುಕಿ ಬೇಗ ಬೇಗ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ನೇರ ಡ್ರೈವರ್ ಬದಿಗೆ ಬಂದು ಅದನ್ನು ಕಿಟಕಿಯಿಂದ ಒಳಗೆ ಕೊಟ್ಟು, “ಇತ್ಲೊ ಉಶೀರ್?” ಎಂದು ಕೊಂಕಣಿಯಲ್ಲಿ ಗದರಿದರು. ಯಾಕಿಷ್ಟು ತಡ ಎಂದು. ಆಮೇಲೆ ಒಳಗಿದ್ದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಬಾಗಿಲು ಹಿಡಿದ ಅವರ ಕೈ ಅಲ್ಲೇ ಉಳಿಯಿತು.

ಹಿಂದೆಯೇ ಸೊಸೆ ಓಡಿ ಬಂದಳು. ಅತ್ತೆಯ ತೋಳು ಹಿಡಿದವಳು ಗಾಡಿಯ ಬಾಗಿಲಿಗಿದ್ದ ವೆಲ್ಡಿಂಗ್ ತೇಪೆಯನ್ನು ನೋಡಿ ಬಿಳಿಚಿಕೊಂಡಳು. “ಇದು ನಮ್ಮನೆಯವ್ರ ಗಾಡಿ” ಎಂದಳು. ಅವಳ ಗಂಡ ಕಾಮಾಲೆಯಲ್ಲಿ ತೀರಿಕೊಂಡು ಐದು ವರ್ಷವಾಗಿತ್ತು. ಗಾಡಿಯನ್ನು ದಲಾಲಿಯೊಬ್ಬನಿಗೆ ಕೊಟ್ಟಿದ್ದರು, ಆಮೇಲೆ ಅದು ಎಲ್ಲಿ ಹೋಯಿತೆಂದು ತಿಳಿದಿರಲಿಲ್ಲ. ಗಂಡ ಮಧ್ಯಾಹ್ನ ಇದೇ ತಿರುವಿನಲ್ಲಿ ನಿಲ್ಲಿಸಿ ಹಾರ್ನ್ ಮಾಡುತ್ತಿದ್ದ, ತಾಯಿ ಊಟ ತಂದು ಕೊಡುತ್ತಿದ್ದರು.

“ಹಾರ್ನ್ ಕೇಳಿ ಬಂದ್ರು ಅಂತ ಕಾಣ್ತದೆ” ಎಂದೆ ನಾನು.

“ಯಾವ ಹಾರ್ನ್? ನಾನು ಅಂಗಳದಲ್ಲೇ ಇದ್ದೆ. ಗಾಡಿ ನಿಂತ ಸದ್ದು ಕೇಳ್ತು, ಹಾರ್ನ್ ಇಲ್ಲ” ಎಂದಳು. ಆಮೇಲೆ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. ತಗ್ಗಿಸುವ ಅಗತ್ಯವೇ ಇರಲಿಲ್ಲ. “ಇವ್ರಿಗೆ ಕಿವಿ ಕೇಳೂದೇ ಇಲ್ಲ. ನಾಕು ವರ್ಷ ಆತು. ಬಗಲಲ್ಲಿ ಪಟಾಕಿ ಹೊಡೆದ್ರೂ ಗೊತ್ತಾಗೂದಿಲ್ಲ.”

ಒಮ್ಮೆ ಕಂಬದ ಮೇಲೆ ನನಗೆ ಶಾಕ್ ಹೊಡೆದಿತ್ತು. ನೋವು ಗೊತ್ತಾಗುವ ಮೊದಲು ಒಂದು ಕ್ಷಣ ಮೈ ನಮ್ಮದಲ್ಲ ಅನ್ನಿಸುತ್ತದೆ. ಆ ರಸ್ತೆಯಲ್ಲಿ ನನಗೆ ಹಾಗೇ ಆಯಿತು. ಇಳಿದು ಮತ್ತೆ ಬಾನೆಟ್ ಎತ್ತಿದೆ. ಬರೀ ಪಟ್ಟಿ. ಟೇಪು ಸುತ್ತಿದ ವೈರುಗಳು ಹಾಗೇ ಇದ್ದವು. ಬೆರಳಿನಿಂದ ಆ ಖಾಲಿ ಜಾಗವನ್ನು ಎಷ್ಟು ಸಲ ಮುಟ್ಟಿದೆನೋ. ಸುರೇಶ ದೂರ ಹೋಗಿ ನಿಂತಿದ್ದ. “ನೀವು ಗಾಡಿ ತನ್ನಿ, ನಾ ಬಸ್ಸಿಗೆ ಬತ್ತೆ” ಎಂದು ನಡೆದೇಬಿಟ್ಟ.

ನಾಗವೇಣಿ ಮಾತ್ರ ಇಳಿದು ಆ ಮನೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ತೆರೆದಳು. ಬಿಸಿ ಅನ್ನ, ಮೀನಿನ ಸಾರು. ಮುದುಕಿ ನೋಡುತ್ತಿದ್ದಂತೆ ಒಂದು ಅಗುಳೂ ಬಿಡದೆ ಉಂಡಳು. ಡಬ್ಬಿ ತೊಳೆದು ಕೊಟ್ಟಾಗ ಆ ತಾಯಿ ಅವಳ ಗಲ್ಲ ಸವರಿ ಒಳಗೆ ಹೋದರು.

ಗಾಡಿ ಬೇಡವೆಂದು ನಾನು ಎಷ್ಟೋ ಹೇಳಿದೆ. ಅವಳು ಕೇಳಲಿಲ್ಲ. “ಕೂತಲ್ಲಿಗೆ ಊಟ ತರ್ಸಿದ ಗಾಡಿ ಅಣ್ಣಾ. ಅದು ಕೆಟ್ಟದ್ದು ಹೆಂಗಾಗ್ತದೆ?” ಎಂದು ಕೊಂಡೇಬಿಟ್ಟಳು. ಅಂಕೋಲೆಯಲ್ಲಿ ಹೊಸ ಹಾರ್ನ್ ಹಾಕಿಸಿದೆವು. ಒತ್ತಿದರೆ ಆಗುತ್ತದೆ, ಒತ್ತದಿದ್ದರೆ ಇಲ್ಲ. ಈ ಮೂರು ವರ್ಷದಲ್ಲಿ ಆ ಗಾಡಿ ಒಂದು ದಿನವೂ ಅವಳನ್ನು ದಾರಿಯಲ್ಲಿ ನಿಲ್ಲಿಸಿಲ್ಲ.

ನೆಮ್ಮದಿ ಹೋದದ್ದು ನನಗೆ. ಸೊಸೆ ತಪ್ಪು ಹೇಳಿರಬಹುದು, ಮುದುಕಿಗೆ ಸ್ವಲ್ಪ ಕೇಳುತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ತಿಂಗಳ ನಂತರ ಕಾರವಾರಕ್ಕೆ ಹೋದವನು ನದಿ ದಾಟಿ ಆ ತಿರುವಿಗೆ ನಡೆದು ಹೋದೆ. ಮುದುಕಿ ಜಗಲಿಯಲ್ಲಿ ಬೆನ್ನು ಹಾಕಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕರೆದೆ. ಇನ್ನೂ ಜೋರಾಗಿ ಕರೆದೆ. ಆಗ ಕಲ್ಲು ತುಂಬಿದ ಲಾರಿಯೊಂದು ತಿರುವಿಗೆ ಬಂದು, ದಾರಿಗಡ್ಡ ನಿಂತಿದ್ದ ನನ್ನ ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. ನಾನು ಹಾರಿ ಚರಂಡಿಗೆ ಬಿದ್ದೆ. ಮನೆಯ ಮುಂದಿನ ಕಾಗೆಗಳು ಎದ್ದು ಹೋದವು.

ಅವರ ಬೆರಳು ಅಕ್ಕಿಯ ಮೇಲೆ ಓಡುತ್ತಲೇ ಇತ್ತು. ತಲೆ ಎತ್ತಲಿಲ್ಲ.