ಯುಫ್ರಾಸಿಯ ಹೆಸರಿಗೆ ಬಿದ್ದ ಕೆಂಪು ಗೀಟು

“ಅಮ್ಮಾ, ಯುಫ್ರಾಸಿ ದೊಡ್ಡಮ್ಮನ ಹೆಸರಿನ ಮೇಲೆ ಕೆಂಪು ಗೀಟು ಯಾಕೆ ಎಳೆದಿದಾರೆ? ಅವಳೇನು ತಪ್ಪು ಮಾಡಿದ್ಲು?”

ಮರೀಸ್ ಕೇಳಿದ್ದು ಕೋರ್ಟಿನ ಮುಂದೆ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. ಲೂಸೆತ್ ಮಗಳನ್ನು ದರದರ ಎಳೆದುಕೊಂಡು ಹೊರಟಳು. ಗೋಡೆಗೆ ಅಂಟಿಸಿದ ಮತದಾರರ ಪಟ್ಟಿ ಅವಳೂ ನೋಡಿದ್ದಳು. ಸೇಂಟ್ ಲೂಸಿಯಾದಲ್ಲಿ ದ್ವೀಪದ ಸಭೆಗೆ ಸದಸ್ಯರನ್ನು ಜನರೇ ಆರಿಸಿ ಕಳಿಸುವುದು ಇದೇ ಮೊದಲು. ತಕರಾರು ಹಾಕಿ ಆ ಗೀಟು ಎಳೆಸಿದ್ದು ಚುನಾವಣೆಗೆ ನಿಂತ ತೋಟದ ಒಡೆಯ ಗಾಸ್ಪಾರ್ ದೊರೆ. ಲೂಸೆತ್‌ಳ ಗಂಡ ಅಲ್ಸೀದ್ ಅವರದೇ ಕೋಕೋ ಉಗ್ರಾಣದಲ್ಲಿ ಗುಮಾಸ್ತ.

ಯುಫ್ರಾಸಿ ಊರಿನ ಅರ್ಧ ಬಟ್ಟೆ ಒಗೆಯುವವಳು. ಎರಡು ಕೋಣೆಯ ಮರದ ಮನೆ ಅವಳದು, ನೆಲ ದೊರೆಯದು. ಹತ್ತು ತಿಂಗಳ ಹಿಂದೆ ದೊರೆ ನೆಲ ಬಿಡು ಅಂದರು. ಅವಳು ಮನೆ ಬಿಡಲಿಲ್ಲ, ಮನೆಯನ್ನೇ ಹೊರಿಸಿದಳು. ಮೂವತ್ತು ಜನರ ಹೆಗಲು, ಒಂದು ಡೋಲು, ಎರಡು ಜಾಡಿ ರಮ್. ಮಧ್ಯಾಹ್ನದೊಳಗೆ ಮನೆ ಹೊಳೆ ದಾಟಿ ಅವಳ ತಮ್ಮನ ಜಾಗದಲ್ಲಿ ಕೂತಿತು. ಗೋಡೆಯ ಮೇರಿಮಾತೆಯ ಪಟವನ್ನೂ ಇಳಿಸಿರಲಿಲ್ಲ.

ಲೂಸೆತ್ ಅಲ್ಲಿಗೆ ಹೋದಾಗ ಯುಫ್ರಾಸಿ ಇಸ್ತ್ರಿ ಹಾಕುತ್ತಿದ್ದಳು. ಮರೀಸ್‌ಳ ಕೈಗೆ ಸುಟ್ಟ ದೀವಿಹಲಸಿನ ಹೋಳು ಕೊಟ್ಟು ಅಂಗಳಕ್ಕೆ ಕಳಿಸಿದಳು.

“ಅಕ್ಕಾ, ಪಟ್ಟಿ ನೋಡಿದೆ.”

“ನೋಡದೆ ಇರೋರು ಯಾರು! ಹೆಂಗಸಿಗೆ ಮೂವತ್ತು ತುಂಬಿರಬೇಕು ಅಂದ್ರು, ನಂಗೆ ನಲವತ್ನಾಲ್ಕು. ಮನೆ ಇರಬೇಕು ಅಂದ್ರು, ಇದೆ. ಈಗ ಒಂದೇ ಕಡೆ ಒಂದು ವರ್ಷ ಇರಬೇಕಂತೆ, ಹೊಳೆ ಈಚೆ ಓಟಿಗೆ ಬೇರೆ ವಿಭಾಗವಂತೆ! ಹದಿನೇಳು ವರ್ಷದಿಂದ ಇದೇ ಮನೇಲಿ ಮಲಗ್ತಿದೀನಿ ಕಣೆ. ಮನೆ ತಾನೇ ಹೋಗಿದ್ದು, ನಾನೆಲ್ಲಿ ಹೋದೆ?”

ಲೂಸೆತ್‌ಗೆ ನಗು ಬಂತು. “ದೊರೆ ಹತ್ರಾನೇ ಒಂದು ಮಾತು ಕೇಳಿದ್ರೆ?”

“ಅವರ ಬಟ್ಟೆ ಕೊಳೆ ನಾನು ತೆಗೆದೆ, ನನ್ನ ಹೆಸರು ಅವರು ತೆಗೆದ್ರು. ಇನ್ನೇನು ಕೇಳ್ಲಿ? ಸಭೆಗೆ ನಿಲ್ಲೋಕೆ ಗಂಡಸಾಗಿರಬೇಕು, ಆಸ್ತಿ ಇರಬೇಕು. ಸರಿ, ನಿಂತ್ಕೊಳ್ಲಿ. ನಂಗೆ ಹುಟ್ಟಿದ ಚೀಟಿ ಇಲ್ಲ, ಮದುವೆ ಚೀಟಿ ಇಲ್ಲ. ನಾನೂ ಒಬ್ಬಳು ಇದೀನಿ ಅಂತ ಬರೆದಿದ್ದು ಆ ಪಟ್ಟಿ ಒಂದರಲ್ಲೇ.”

ಇಸ್ತ್ರಿಪೆಟ್ಟಿಗೆಯನ್ನು ಕೆಂಡದ ಮೇಲಿಟ್ಟು ಅವಳು ಕೈ ಒರೆಸಿಕೊಂಡಳು. ದನಿ ತಗ್ಗಿತು.

“ಸೋಮವಾರ ಮ್ಯಾಜಿಸ್ಟ್ರೇಟ್ ವಿಚಾರಿಸ್ತಾರಂತೆ. ಹೊತ್ತವರಲ್ಲಿ ಒಬ್ಬ ಬಂದು, ಇದು ಅದೇ ಮನೆ, ಇವಳು ಒಂದು ದಿನಾನೂ ಇದನ್ನ ಬಿಟ್ಟಿಲ್ಲ ಅಂತ ಇಂಗ್ಲಿಷಲ್ಲಿ ಹೇಳಬೇಕು, ಕೋರ್ಟಲ್ಲಿ ನಮ್ಮ ಮಾತು ನಡೆಯಲ್ಲ. ಮೂವತ್ತು ಜನರಲ್ಲಿ ಇಂಗ್ಲಿಷ್ ಬರೋನು ಒಬ್ಬನೇ.”

ಅದು ಯಾರು ಅಂತ ಲೂಸೆತ್‌ಗೆ ಗೊತ್ತಿತ್ತು. ಮನೆ ಹೊತ್ತ ದಿನ ಬಾಗಿಲ ಮೂಲೆಗೆ ಹೆಗಲು ಕೊಟ್ಟು, ಆಮೇಲೆ ವಾರವೆಲ್ಲ ಆ ಹೆಗಲಿಗೆ ಎಣ್ಣೆ ತಿಕ್ಕಿಸಿಕೊಂಡವನು ಅವಳ ಗಂಡನೇ. ಅಲ್ಸೀದ್ ದೊರೆಯ ಎದುರು ನಿಂತು ಸಾಕ್ಷಿ ಹೇಳಿದರೆ ಮಂಗಳವಾರ ಉಗ್ರಾಣದ ಬಾಗಿಲು ಅವನಿಗೆ ತೆರೆಯುತ್ತದೆಯೇ? ಮರೀಸ್‌ಳ ಶಾಲೆ, ಹೊಟ್ಟೆಯಲ್ಲಿರುವ ಇನ್ನೊಂದು ಜೀವ...

“ಬಲವಂತ ಇಲ್ಲ ಕಣೆ,” ಅಂದಳು ಯುಫ್ರಾಸಿ, ಅವಳ ಮುಖ ನೋಡದೆ. “ಹೊಟ್ಟೆಪಾಡು, ನಂಗೂ ಗೊತ್ತು. ಆದ್ರೂ ಕೇಳ್ತೀನಿ. ಸೋಮವಾರ ಒಂದು ಗಳಿಗೆ ನಿನ್ನ ಗಂಡನ್ನ ಕಳಿಸ್ತೀಯಾ?”